ಕಾಂಡಕೋಶ ಜೋಕರ್ ಎಲೆಯಲ್ಲ

ಭಾನುವಾರ ಸಂಜೆ ಅಕ್ಕನ ಫೋನು. ಅಕ್ಕ ಅಂದ್ರೆ ದೊಡ್ಡಮ್ಮನ ಮಗಳು, ತಿಪಟೂರಿನಲ್ಲಿದ್ದಾಳೆ. ಊಟ ಆಯ್ತಾ, ಮಳೆ ಆಯ್ತಾ ಅನ್ನೋ ಮಾಮೂಲಿ ಮಾತು ಮುಗಿಯುವ ಮೊದಲೇ, "ವಾಟ್ಸಾಪಲ್ಲಿ ಒಂದು ಕಳ್ಸಿದೀನಿ, ನೋಡಿದ್ಯೇನೋ?" ಅಂದಳು. ನೋಡಿರಲಿಲ್ಲ. ಫೋನಿಟ್ಟು ನೋಡಿದೆ. ಬೆಂಗಳೂರಿನ ಯಾವುದೋ ಸ್ಕಿನ್ ಕ್ಲಿನಿಕ್ಕಿನ ಪಾಂಪ್ಲೆಟ್ಟು. ತೊನ್ನು, ಮೊಡವೆ ಕಲೆ, ಸುಕ್ಕು, ಕೂದಲು ಉದುರುವುದು, ಎಲ್ಲಕ್ಕೂ ಕಾಂಡಕೋಶ ಚಿಕಿತ್ಸೆಯೊಂದೇ ಉತ್ತರ ಅಂತ ಅದರ ಸಾರಾಂಶ. ಪಕ್ಕದಲ್ಲಿ ಅರ್ಧ ಕೊಯ್ದ ಒಂದು ಸೇಬು, ಅದರ ಪಕ್ಕ ನಗುವ ಹುಡುಗಿ. ಆರು ಸಿಟ್ಟಿಂಗು, ಒಂದಕ್ಕೆ 35,000 ರೂಪಾಯಿ.

ವಾಪಸ್ ಫೋನು ಮಾಡಿದೆ. ಅಕ್ಕನ ಮಗಳಿಗೆ ಹತ್ತೊಂಬತ್ತು, ಬಿಕಾಂ ಎರಡನೇ ವರ್ಷ. ಮೊಣಕಾಲ ಮೇಲೆ ಶುರುವಾದ ಬಿಳಿ ಮಚ್ಚೆ ಎರಡು ವರ್ಷದಲ್ಲಿ ಬೆರಳ ತುದಿಗೆ, ಆಮೇಲೆ ತುಟಿಯ ಅಂಚಿಗೆ ಬಂದಿದೆ. ತುಮಕೂರಿನಲ್ಲಿ ವಾರಕ್ಕೆರಡು ಸಲ ಬೆಳಕಿನ ಚಿಕಿತ್ಸೆ ಕೊಡಿಸುತ್ತಿದ್ದರು, ಅದು ನನಗೆ ಗೊತ್ತಿತ್ತು. "ಅದನ್ನ ನಿಲ್ಲಿಸಿ ಮೂರು ವಾರ ಆಯ್ತು" ಅಂದಳು. "ಮುಂದಿನ ತಿಂಗಳು ಚೀಟಿ ಎತ್ತಿದ್ರೆ ಎರಡು ಲಕ್ಷ ಬರತ್ತೆ. ಇದಕ್ಕೇ ಹಾಕ್ಬಿಡೋಣ ಅಂತ." ನಾನು ಬಾಯಿ ತೆಗೆಯುವ ಮುಂಚೆಯೇ ಮುಂದುವರಿಸಿದಳು: "ನೀನೇ ಬರ್ದಿದ್ಯಲ್ಲೋ. ಜೋಕರ್ ಎಲೆ ಇದ್ದ ಹಾಗೆ, ಎಲ್ಲಿ ಇಟ್ರೂ ಕೂತ್ಕೊಳತ್ತೆ ಅಂತ. ಪ್ರಿಂಟ್ ತೆಗ್ಸಿ ಇಟ್ಕೊಂಡಿದೀನಿ."

ಬರೆದಿದ್ದೆ, ನಿಜ. ಐದಾರು ವರ್ಷದ ಹಿಂದೆ, ಒಂದೇ ರಾತ್ರಿಯಲ್ಲಿ. ಇಸ್ಪೀಟಿನಲ್ಲಿ ಜೋಕರ್ ಯಾವ ಎಲೆಯ ಜಾಗದಲ್ಲಾದರೂ ಕೂರುವ ಹಾಗೆ ಕಾಂಡಕೋಶ ದೇಹದ ಯಾವ ಕೋಶವಾದರೂ ಆಗಬಲ್ಲದು ಅಂತ. ತುಂಬಾ ಜನ ಚೆನ್ನಾಗಿದೆ ಅಂದಿದ್ದರು. ಹೋಲಿಕೆ ಚೆನ್ನಾಗಿಯೇ ಇತ್ತು, ಆದರೆ ವಿಷಯಕ್ಕೆ ಹೊಂದುತ್ತಿರಲಿಲ್ಲ. ವಿಜ್ಞಾನ ಬರೆಯುವ ನಮ್ಮಂಥವರು ಬೇರೆಯವರ ಪುಸ್ತಕ, ಸಿನಿಮಾ ಎಲ್ಲ ವಿಮರ್ಶೆ ಮಾಡುತ್ತೇವೆ, ನಮ್ಮ ಸಾಲುಗಳನ್ನು ಮಾತ್ರ ಮುಟ್ಟುವುದಿಲ್ಲ. ಈ ಸಲ ನನ್ನದನ್ನೇ ಇಟ್ಟುಕೊಂಡು ಕೂತಿದ್ದೇನೆ, ಜೊತೆಗೆ ಆ ಪಾಂಪ್ಲೆಟ್ಟನ್ನೂ. ಎರಡೂ ಒಂದೇ ಮನೆತನದವು ಅಂತ ಆಮೇಲೆ ಹೊಳೆಯಿತು.

ಜೋಕರ್ ಅನ್ನುವ ಮಾತು ಪೂರ್ತಿ ಸುಳ್ಳೇನಲ್ಲ. 1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಬೇರ್ಪಡಿಸಿ ಬೆಳೆಸಿದ ಕೋಶಗಳಿಗೆ ಅದು ಹೆಚ್ಚುಕಡಿಮೆ ಒಪ್ಪುತ್ತದೆ. 2006ರಲ್ಲಿ ಕ್ಯೋಟೋದ ಶಿನ್ಯಾ ಯಾಮಾನಾಕಾ ಇಲಿಯ ಚರ್ಮದ ಸಾಮಾನ್ಯ ಕೋಶಗಳಿಗೆ ನಾಲ್ಕು ಜೀನು ಸೇರಿಸಿ ಅವನ್ನು ಭ್ರೂಣದ ಸ್ಥಿತಿಗೆ ಹಿಂದಿರುಗಿಸಿದರು, ಮರುವರ್ಷ ಮನುಷ್ಯರ ಚರ್ಮದ ಕೋಶಗಳಲ್ಲೂ ಆಯಿತು, 2012ರಲ್ಲಿ ನೊಬೆಲ್ ಬಂತು. ಎಡವಟ್ಟಾಗಿದ್ದು ಅಲ್ಲೇ. ಚರ್ಮದ ಕೋಶದಿಂದ ಏನು ಬೇಕಾದರೂ ಮಾಡಬಹುದು ಅನ್ನುವ ಸುದ್ದಿಯನ್ನು ನಾವೆಲ್ಲ ಬರೆದೆವು. ಓದಿದವರು ಅದನ್ನು ಚರ್ಮದಲ್ಲಿರುವ ಕಾಂಡಕೋಶ ಏನು ಬೇಕಾದರೂ ಆಗುತ್ತದೆ ಅಂತ ಅರ್ಥ ಮಾಡಿಕೊಂಡರು. ಯಾಮಾನಾಕಾ ಬಳಸಿದ್ದು ಚರ್ಮದ ಕಾಂಡಕೋಶವನ್ನೇ ಅಲ್ಲ. ಅದು ಒಳಚರ್ಮದ ನಾರು ನೇಯುವ ಕೋಶ, ಜೀನು ತುರುಕಿ ಬಲವಂತವಾಗಿ ಹಿಂದಕ್ಕೆ ಕಳಿಸಿದ್ದು.

ನಮ್ಮ ಚರ್ಮದಲ್ಲಿ ತಾವಾಗಿ ಇರುವ ಕಾಂಡಕೋಶಗಳ ಕಥೆ ಬೇರೆ. ಅವು ಎಲ್ಲವೂ ಆಗುವುದಿಲ್ಲ. ಒಂದೊಂದಕ್ಕೆ ಒಂದೊಂದು ಜಾಗ, ಒಂದೊಂದು ಕಸುಬು. ಹಳೇ ಊರುಗಳಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ಕೆರೆಯ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುವವನು, ಹಾಗೆ. ಅವನನ್ನು ಕರೆದುಕೊಂಡು ಹೋಗಿ ಕೆರೆಯೇ ಇಲ್ಲದ ಊರಲ್ಲಿ ಬಿಟ್ಟರೆ ಅವನ ವಿದ್ಯೆಗೆ ಅರ್ಥವಿಲ್ಲ. (ಇನ್ನೊಂದು ಹೋಲಿಕೆ ಶುರುಮಾಡಿದೆ, ಕ್ಷಮಿಸಿ. ಇದೂ ಎಲ್ಲೋ ಒಂದು ಕಡೆ ಮುರಿಯುತ್ತದೆ.)

ಪದದ ವಿಚಾರ ಒಂದು ಹೇಳಿಬಿಡುತ್ತೇನೆ. 1868ರಲ್ಲಿ ಜರ್ಮನಿಯ ಹೆಕೆಲ್ 'ಸ್ಟಾಮ್‌ಟ್ಸೆಲ್ಲೆ' ಅನ್ನುವ ಪದ ಬಳಸಿದಾಗ ಅವನ ತಲೆಯಲ್ಲಿದ್ದದ್ದು ವಂಶವೃಕ್ಷ. ಜೀವಿಗಳೆಲ್ಲ ಕವಲೊಡೆದು ಬಂದ ಮೂಲ ಏಕಕೋಶ ಜೀವಿಗೆ ಅವನು ಆ ಹೆಸರಿಟ್ಟ. ಅದು ಇಂಗ್ಲಿಷಿನಲ್ಲಿ ಸ್ಟೆಮ್ ಆಯಿತು. ನಾವು ಸ್ಟೆಮ್ ಅಂದರೆ ಕಾಂಡ ಅಂತ ಕಾಂಡಕೋಶ ಮಾಡಿಕೊಂಡೆವು. ವಂಶ ಅನ್ನುವ ಅರ್ಥ ಹೋಯಿತು, ಗಿಡದ ಕಾಂಡ ಉಳಿಯಿತು. ಕೆಲವು ಪತ್ರಿಕೆಗಳು ಆಕರಕೋಶ ಅಂತ ಬರೆಯುತ್ತವೆ, ಅದೇ ವಾಸಿ. ಆದರೆ ಕಾಂಡಕೋಶ ಊರೆಲ್ಲ ಹಬ್ಬಿಬಿಟ್ಟಿದೆ, ನಾನೂ ಅದನ್ನೇ ಬಳಸುತ್ತಿದ್ದೇನೆ. ಪಾಂಪ್ಲೆಟ್ಟಿನ ಸೇಬು ನಮ್ಮ ಜನಕ್ಕೆ ವಿಚಿತ್ರ ಅನ್ನಿಸದಿರುವುದಕ್ಕೆ ಈ ಪದದ ಪಾಲೂ ಇದೆ ಅಂತ ನನ್ನ ಗುಮಾನಿ. ಕಾಂಡ ಅಂದಮೇಲೆ ಗಿಡದಿಂದ ಬಂದರೆ ತಪ್ಪೇನು?

ಈಗ ಚರ್ಮಕ್ಕೆ ಬರೋಣ. ಹೊರಚರ್ಮದ ತೀರಾ ಕೆಳಗಿನ ಸಾಲಿನಲ್ಲಿ ಕಾಂಡಕೋಶಗಳು ಕೂತಿವೆ. ಒಂದು ಎರಡಾಗುತ್ತದೆ, ಸರಾಸರಿಯಲ್ಲಿ ಒಂದು ಅಲ್ಲೇ ಉಳಿಯುತ್ತದೆ, ಒಂದು ಮೇಲಕ್ಕೆ ಹೊರಡುತ್ತದೆ. ಹೊರಟದ್ದು ದಾರಿಯುದ್ದಕ್ಕೂ ಚಪ್ಪಟೆಯಾಗುತ್ತಾ, ಕೆರಾಟಿನ್ ತುಂಬಿಕೊಳ್ಳುತ್ತಾ, ಕೊನೆಗೆ ಸತ್ತು ಹೊಟ್ಟಿನ ಹಾಗೆ ಉದುರುತ್ತದೆ. ಈ ಪಯಣಕ್ಕೆ ಒಂದು ತಿಂಗಳ ಆಸುಪಾಸು ಹಿಡಿಯುತ್ತದೆ. ಸ್ನಾನದಲ್ಲಿ ಮೈ ಉಜ್ಜಿದಾಗ ಬರುವ ಮಣ್ಣಿನಲ್ಲಿ ಅರ್ಧ ಇದೇ. ಇಲ್ಲಿ ಎಲ್ಲ ಕೋಶಗಳೂ ಸಮಾನವೇ ಅಥವಾ ಹಿರಿಯ ಕಿರಿಯ ಅಂತ ಇದೆಯೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ. 2007ರಲ್ಲಿ ಕೇಂಬ್ರಿಜ್‌ನವರು ಇಲಿಯ ಬಾಲದ ಚರ್ಮ ನೋಡಿ, ಒಂದೇ ಬಗೆಯ ಕೋಶ, ಯಾವುದು ಉಳಿಯುತ್ತದೆ ಯಾವುದು ಹೋಗುತ್ತದೆ ಅನ್ನೋದು ನಾಣ್ಯ ಚಿಮ್ಮಿದ ಹಾಗೆ ಅಂದರು. 2012ರಲ್ಲಿ ಬ್ರಸೆಲ್ಸ್‌ನವರು ಇಲ್ಲ, ನಿಧಾನದ್ದೊಂದು ಚುರುಕಿನದ್ದೊಂದು, ಎರಡು ಬಗೆ ಇವೆ ಅಂದರು.

ಇನ್ನೊಂದು ಗುಂಪು ಕೂದಲ ಗೂಡಿನಲ್ಲಿದೆ. ಡಾಕ್ಟರುಗಳು ಫಾಲಿಕಲ್ ಅನ್ನುತ್ತಾರಲ್ಲ, ಅದು. ಕೂದಲು ಬೆಳೆಯೋದು ಬುಡದಿಂದ, ಹಾಗಾಗಿ ಕಾಂಡಕೋಶವೂ ಬುಡದ ಗಡ್ಡೆಯಲ್ಲೇ ಇರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. 1990ರಲ್ಲಿ ಜಾರ್ಜ್ ಕೊಟ್ಸಾರೆಲಿಸ್, ಟುಂಗ್-ಟಿಯೆನ್ ಸುನ್, ರಾಬರ್ಟ್ ಲಾವ್ಕರ್ ಇಲಿಯ ಕೋಶಗಳಿಗೆ ಗುರುತು ಹಾಕಿ ವಾರಗಟ್ಟಲೆ ಕಾದರು. ಬೇಗ ಬೇಗ ಒಡೆಯುವ ಕೋಶದಲ್ಲಿ ಗುರುತು ತೆಳುವಾಗಿ ಅಳಿಸಿಹೋಗುತ್ತದೆ, ಸುಮ್ಮನೆ ಕೂತ ಕೋಶದಲ್ಲಿ ಉಳಿಯುತ್ತದೆ. ಗುರುತು ಉಳಿದದ್ದು ಬುಡದಲ್ಲಲ್ಲ, ಗೂಡಿನ ನಡುವೆ ಇರುವ ಒಂದು ಸಣ್ಣ ಉಬ್ಬಿನಲ್ಲಿ. ಚಳಿಗೋ ಭಯಕ್ಕೋ ರೋಮ ನಿಮಿರುತ್ತದಲ್ಲ, ಅದನ್ನು ಎಳೆಯುವ ಪುಟ್ಟ ಸ್ನಾಯು ಬಂದು ಅಂಟಿಕೊಳ್ಳುವ ಜಾಗ ಅದು. ಕೂದಲು ಉದುರಿ ಮತ್ತೆ ಹುಟ್ಟುವ ಒಂದೊಂದು ಸುತ್ತಿಗೂ ಈ ಉಬ್ಬಿನ ಕೋಶಗಳು ಎದ್ದು ಕೆಲಸ ಮಾಡಿ ಮತ್ತೆ ಮಲಗುತ್ತವೆ.

ಉಬ್ಬಿನ ಕೋಶ ಕೂದಲಿನ ಕೆಲಸ ಬಿಟ್ಟು ಬೇರೆ ಮಾಡುತ್ತದೆಯೇ? ಮಾಮೂಲಿ ದಿನಗಳಲ್ಲಿ ಇಲ್ಲ. ಆದರೆ ಗಾಯವಾದಾಗ ಏಳುತ್ತದೆ. 2005ರಲ್ಲಿ ಮಯುಮಿ ಇಟೋ ಮತ್ತು ಕೊಟ್ಸಾರೆಲಿಸ್ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಚರ್ಮ ಕಿತ್ತುಹೋದ ಕೂಡಲೇ ಗೂಡುಗಳಿಂದ ಕೋಶಗಳು ಮೇಲೆ ಹತ್ತಿ ಬಂದು ಗಾಯದ ಮೇಲೆ ಹೊರಚರ್ಮವಾಗಿ ನಿಲ್ಲುತ್ತವೆ. ಗಾಯ ಮುಚ್ಚಿ ಕೆಲವು ವಾರ ಕಳೆದ ಮೇಲೆ ಅವುಗಳಲ್ಲಿ ಹೆಚ್ಚಿನವು ಅಲ್ಲಿ ಉಳಿಯುವುದಿಲ್ಲ. ಊರಿಗೆ ಬೆಂಕಿ ಬಿದ್ದಾಗ ನೀರುಗಂಟಿಯೂ ಕೊಡ ಹಿಡಿದು ಓಡಿಬರುತ್ತಾನೆ, ಹಾಗಂತ ಅವನು ಅಲ್ಲೇ ಮನೆ ಕಟ್ಟುವುದಿಲ್ಲ. ಈ ಓಟಕ್ಕೆ ಕರೆ ಕೊಡುವವರಲ್ಲಿ ಚರ್ಮದ ಮೇಲ್ಪದರದ ಕೋಶಗಳೂ ಇವೆ. ಗಾಯದ ಹತ್ತಿರ ಕ್ಯಾಸ್ಪೇಸ್-8 ಅನ್ನುವ ಪ್ರೋಟೀನು ಕಡಿಮೆಯಾದರೆ ಅಲ್ಲಿಂದ ಇಂಟರ್‌ಲ್ಯೂಕಿನ್-1 ಹೊರಬಂದು ಕೆಳಗಿನ ಕಾಂಡಕೋಶಗಳನ್ನು ಎಬ್ಬಿಸುತ್ತದೆ ಅಂತ 2009ರಲ್ಲಿ ತೋರಿಸಿದ್ದು ಕಾಲಿನ್ ಜಮೋರಾ ಅವರ ತಂಡ. ಆಮೇಲೆ ಅವರು ನಮ್ಮ ಬೆಂಗಳೂರಿನ ಇನ್‌ಸ್ಟೆಮ್‌ನಲ್ಲೇ ಪ್ರಯೋಗಾಲಯ ನಡೆಸಿದರು. ಚರ್ಮದಲ್ಲಿ ಕಾವಲಿರುವ ಒಂದು ಬಗೆಯ ಟಿ-ಕೋಶಗಳು ಈ ಸುದ್ದಿಯನ್ನು ಉಬ್ಬಿನ ಕೋಶಗಳಿಗೆ ಮುಟ್ಟಿಸುತ್ತವೆ ಅಂತ 2017ರಲ್ಲಿ ಬಂದ ಅಧ್ಯಯನದಲ್ಲಿ ಅಲ್ಲಿನ ಕೆಲಸವಿದೆ. ಬಳ್ಳಾರಿ ರಸ್ತೆಯಲ್ಲಿ ಅಷ್ಟು ದೊಡ್ಡ ಸಂಸ್ಥೆ ಇದೆ. ಅಲ್ಲಿ ಏನು ಕಂಡುಹಿಡಿದರು ಅಂತ ನಾವು ಬರೆದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಕಾಂಡಕೋಶ ಕ್ರೀಮಿನ ಜಾಹೀರಾತು ಓದಿದ್ದೇವೆ.

ಅಂದರೆ ಕೋಶ ಏನು ಅನ್ನುವುದರಷ್ಟೇ, ಅದು ಎಲ್ಲಿದೆ, ಪಕ್ಕದಲ್ಲಿ ಯಾರಿದ್ದಾರೆ, ಯಾರು ಏನು ಹೇಳುತ್ತಿದ್ದಾರೆ ಅನ್ನುವುದೂ ಮುಖ್ಯ. ನನ್ನ ಜೋಕರ್ ಎಲೆಯಲ್ಲಿ ಬಿಟ್ಟುಹೋದದ್ದು ಇಷ್ಟು. ಇಸ್ಪೀಟು ಎಲೆಗೆ ನೆರೆಹೊರೆ ಇಲ್ಲ.

ಇದಕ್ಕೆ ಚರ್ಮದ ವಿಜ್ಞಾನದಲ್ಲೇ ದೊಡ್ಡ ಸಾಕ್ಷಿ ಇದೆ. ಮನುಷ್ಯನ ಹೊರಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಲು ಎಷ್ಟು ಹೆಣಗಿದರೂ ಅವು ಸ್ವಲ್ಪ ದಿನಕ್ಕೆ ಸತ್ತುಹೋಗುತ್ತಿದ್ದವು. 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ದಾರಿ ಕಂಡುಕೊಂಡರು. ಇಲಿಯ ನಾರುಕೋಶಗಳಿಗೆ ವಿಕಿರಣ ಕೊಟ್ಟು, ಅವು ಬದುಕಿರಬೇಕು ಆದರೆ ಹೆಚ್ಚಬಾರದು ಅನ್ನುವ ಹಾಗೆ ಮಾಡಿ, ತಟ್ಟೆಯ ತಳಕ್ಕೆ ಹಾಸಿದರು. ಮೇಲೆ ಚರ್ಮದ ಕೋಶ ಬಿತ್ತಿದರೆ ಹುಲುಸಾಗಿ ಬೆಳೆದವು. ಒಂಟಿಯಾಗಿ ಬದುಕದ ಕೋಶಕ್ಕೆ ನೆರೆ ಸಿಕ್ಕಿದ್ದೇ ಮದ್ದಾಯಿತು. 1983ರಲ್ಲಿ ಅಮೆರಿಕದ ವಯೋಮಿಂಗ್‌ನ ಇಬ್ಬರು ಪುಟ್ಟ ಅಣ್ಣತಮ್ಮಂದಿರು, ಒಬ್ಬನಿಗೆ ಐದು ಇನ್ನೊಬ್ಬನಿಗೆ ಆರು ವರ್ಷ, ಮೈಯ 95 ಪರ್ಸೆಂಟಿಗೂ ಹೆಚ್ಚು ಸುಟ್ಟುಕೊಂಡು ಬಾಸ್ಟನ್ ಆಸ್ಪತ್ರೆಗೆ ಬಂದರು. ಉಳಿದಿದ್ದ ಸಣ್ಣ ತುಂಡು ಚರ್ಮದಿಂದ ಗ್ರೀನ್ ಅವರ ತಂಡ ಹಾಳೆ ಹಾಳೆ ಹೊರಚರ್ಮ ಬೆಳೆಸಿಕೊಟ್ಟಿತು. ಮಕ್ಕಳು ಬದುಕಿದರು. ಆದರೆ ಹೀಗೆ ಬೆಳೆಸಿದ ಚರ್ಮದಲ್ಲಿ ಕೂದಲಿಲ್ಲ, ಬೆವರು ಗ್ರಂಥಿಯಿಲ್ಲ. ಹೊರಚರ್ಮದ ಕಾಂಡಕೋಶ ಹೊರಚರ್ಮವನ್ನೇ ಮಾಡಿತು, ಅದರಾಚೆ ಹೋಗಲಿಲ್ಲ. ಸುದ್ದಿ ಹೇಳುವಾಗ ನಾವು ಕೊನೆಯ ಎರಡು ವಾಕ್ಯ ಕತ್ತರಿಸಿಬಿಡುತ್ತೇವೆ.

2017ರಲ್ಲೂ ಹಾಗೇ ಆಯಿತು. ಜರ್ಮನಿಗೆ ವಲಸೆ ಬಂದಿದ್ದ ಸಿರಿಯಾದ ಏಳು ವರ್ಷದ ಹುಡುಗ. ಜಂಕ್ಷನಲ್ ಎಪಿಡರ್ಮೊಲೈಸಿಸ್ ಬುಲ್ಲೋಸಾ ಅನ್ನುವ ಹುಟ್ಟುರೋಗ. ಹೊರಚರ್ಮವನ್ನು ಒಳಚರ್ಮಕ್ಕೆ ಅಂಟಿಸುವ ಪ್ರೋಟೀನಿನ ಜೀನು, ಹೆಸರು ಎಲ್‌ಎಎಂಬಿ3, ಕೆಟ್ಟಿತ್ತು. ಮುಟ್ಟಿದರೆ ಬೊಬ್ಬೆ, ಎಳೆದರೆ ಚರ್ಮ ಕಿತ್ತು ಬರುವ ಸ್ಥಿತಿ. ಬೋಕುಮ್‌ನ ಆಸ್ಪತ್ರೆ ಸೇರಿದಾಗ ಸಾವಿನಂಚಿನಲ್ಲಿದ್ದ. ಇಟಲಿಯ ಮೊಡೆನಾದಲ್ಲಿ ಮಿಕೆಲೆ ಡಿ ಲೂಕಾ ತಂಡ ಅವನ ತೊಡೆಸಂದಿಯ 4 ಚದರ ಸೆಂಟಿಮೀಟರ್ ಚರ್ಮ ತೆಗೆದುಕೊಂಡು, ಸರಿಯಾದ ಜೀನು ಸೇರಿಸಿ, 0.85 ಚದರ ಮೀಟರ್ ಹೊರಚರ್ಮ ಬೆಳೆಸಿತು. 2015ರ ಅಕ್ಟೋಬರ್‌ನಿಂದ 2016ರ ಜನವರಿವರೆಗೆ ಮೂರು ಸಲ ಆಪರೇಷನ್ನು. ಮೈಯ ಸುಮಾರು 80 ಪರ್ಸೆಂಟು ಹೊಸ ಚರ್ಮ. ಹುಡುಗ ಸ್ಕೂಲಿಗೆ ಹೋದ. ಓದುವಾಗ ಗಂಟಲು ಕಟ್ಟುವ ಕಥೆ, ಕಟ್ಟಲೇಬೇಕು. ನಾನೂ ಆಗ ಅದನ್ನು ಪವಾಡ ಅಂತ ಬರೆದೆ.

ಪವಾಡ ಅಂದದ್ದರಿಂದ ಒಳಗಿದ್ದ ಮುಖ್ಯವಾದ ವಿಚಾರವೇ ತಪ್ಪಿಹೋಯಿತು. ಆ ಕಸಿಯ ಕೋಶಗಳಲ್ಲಿ ಪ್ರತಿಯೊಂದರಲ್ಲೂ ಹೊಸ ಜೀನು ಬೇರೆ ಬೇರೆ ಜಾಗದಲ್ಲಿ ಕೂತಿತ್ತು. ಹಾಗಾಗಿ ಅದೇ ಒಂದು ಬಗೆಯ ರುಜು ಆಯಿತು. ಯಾವ ಕೋಶದ ಸಂತತಿ ಉಳಿಯಿತು, ಯಾವುದು ಅಳಿಯಿತು ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕಬಹುದಿತ್ತು. ಹಾಕಿದರೆ ಗೊತ್ತಾದದ್ದು ಏನು? ಹಾಕಿದ ಕೋಶಗಳಲ್ಲಿ ಬಹುಪಾಲು ಸ್ವಲ್ಪ ಕಾಲ ದುಡಿದು ಮುಗಿದುಹೋದವು. ಇಡೀ ಚರ್ಮವನ್ನು ಮುಂದಕ್ಕೆ ಹೊತ್ತದ್ದು ಹೋಲೋಕ್ಲೋನ್ ಅಂತ ಗ್ರೀನ್ ಮತ್ತು ಬ್ಯಾರಾಂಡನ್ 1987ರಲ್ಲೇ ಹೆಸರಿಟ್ಟಿದ್ದ, ಬಹುಕಾಲ ಬಾಳುವ ಕೆಲವೇ ಕೋಶಗಳು. ಎಷ್ಟು ಕೋಶ ಸುರಿದಿರಿ ಅನ್ನೋದಕ್ಕಿಂತ ಅದರಲ್ಲಿ ಎಂಥವು ಎಷ್ಟಿದ್ದವು ಅನ್ನೋದೇ ಪ್ರಶ್ನೆ. ಕೋಟಿಗಟ್ಟಲೆ ಕಾಂಡಕೋಶ ಕೊಡುತ್ತೇವೆ ಅನ್ನುವ ಜಾಹೀರಾತು ನೋಡಿದಾಗ ಕೇಳಬೇಕಾದದ್ದು ಇದನ್ನು. ಓದುಗರ ಕೈಗೆ ಈ ಪ್ರಶ್ನೆ ಕೊಡಬೇಕಾಗಿದ್ದವನು ನಾನು, ಬರೀ ಕಣ್ಣೀರು ಕೊಟ್ಟು ಸುಮ್ಮನಾದೆ.

ಇನ್ನು ಬಣ್ಣ. ಅಕ್ಕನ ಮನೆಯ ಸಂಕಟ ಇರುವುದು ಇಲ್ಲಿ. ತೊನ್ನು ಅಂಟುರೋಗ ಅಲ್ಲ. ಶ್ವೇತಕುಷ್ಠ ಅನ್ನುವ ಹಳೆಯ ಹೆಸರು ಎಷ್ಟು ಮನೆ ಮುರಿದಿದೆಯೋ, ಕುಷ್ಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ದೇಹದ ರಕ್ಷಣಾಪಡೆ ತನ್ನದೇ ಬಣ್ಣದ ಕೋಶಗಳನ್ನು, ಮೆಲನೋಸೈಟುಗಳನ್ನು, ಶತ್ರು ಅಂತ ತಿಳಿದು ಕೊಲ್ಲುತ್ತದೆ. ಹೊರಚರ್ಮ ಕೆಡುವುದಿಲ್ಲ, ಬಣ್ಣ ಹೋಗುತ್ತದೆ ಅಷ್ಟೆ. ಹೊಸ ಬಣ್ಣದ ಕೋಶ ಎಲ್ಲಿಂದ ಬರಬೇಕು? ಹೊರಚರ್ಮದ ಕಾಂಡಕೋಶ ಎಷ್ಟೇ ಒಡೆದರೂ ಮೆಲನೋಸೈಟು ಆಗುವುದಿಲ್ಲ. ಇವೆರಡರ ವಂಶವೇ ಬೇರೆ. ಬಣ್ಣದ ಕೋಶಗಳು ಭ್ರೂಣದಲ್ಲಿ ಬೆನ್ನಿನ ನರದ ಏಣಿನಿಂದ ಹೊರಟು ವಲಸೆ ಬಂದಂಥವು. ಅವುಗಳ ಕಾಂಡಕೋಶ ಉಳಿದುಕೊಂಡಿರುವ ಮುಖ್ಯ ಜಾಗ ಅದೇ ಕೂದಲ ಗೂಡಿನ ಉಬ್ಬು. 2002ರಲ್ಲಿ ಎಮಿ ನಿಶಿಮುರಾ ಮತ್ತವರ ಜೊತೆಗಾರರು ಇಲಿಯಲ್ಲಿ ಅವನ್ನು ಗುರುತಿಸಿದರು. ಆ ದಾಸ್ತಾನು ಕರಗಿದರೆ ಕೂದಲು ನರೆಯುತ್ತದೆ ಅಂತ 2005ರಲ್ಲಿ ತೋರಿಸಿದರು. ಸಿಂಪಥೆಟಿಕ್ ನರಗಳ ಮೂಲಕ ಒತ್ತಡವೂ ಇಲಿಯಲ್ಲಿ ಆ ದಾಸ್ತಾನನ್ನು ಖಾಲಿ ಮಾಡಬಲ್ಲದು ಅಂತ 2020ರಲ್ಲಿ ಹಾರ್ವರ್ಡ್‌ನ ಯಾ-ಚೀ ಶೂ ತಂಡ ತೋರಿಸಿತು. ಪರೀಕ್ಷೆ ಟೈಮಲ್ಲಿ ತಲೆ ನರೆಯುತ್ತದೆ ಅನ್ನೋ ಅಜ್ಜಿಯ ಮಾತಿಗೆ ಅರ್ಧ ಸಾಕ್ಷಿ ಸಿಕ್ಕಿತು ಅನ್ನಿ.

ತೊನ್ನಿನಲ್ಲಿ ಮೇಲಿನ ಚರ್ಮದ ಬಣ್ಣದ ಕೋಶಗಳು ಸತ್ತರೂ ಗೂಡಿನೊಳಗಿನ ಈ ದಾಸ್ತಾನು ಎಷ್ಟೋ ಸಲ ಉಳಿದಿರುತ್ತದೆ. ಬಿಳಿ ಮಚ್ಚೆಯ ಮೇಲಿನ ಕೂದಲು ಇನ್ನೂ ಕಪ್ಪಗಿದ್ದರೆ ಚರ್ಮದ ಡಾಕ್ಟರು ಸಮಾಧಾನ ಪಡುವುದು ಇದಕ್ಕೇ. ವಾರಕ್ಕೆರಡು ಮೂರು ಸಲ ನ್ಯಾರೋಬ್ಯಾಂಡ್ ಯುವಿಬಿ ಬೆಳಕು ಕೊಟ್ಟಾಗ, ತಿಂಗಳುಗಟ್ಟಲೆ ಕೊಟ್ಟಾಗ, ರಕ್ಷಣಾಪಡೆಯ ಗಲಾಟೆ ತಣ್ಣಗಾಗಿ ಗೂಡಿನ ಬಣ್ಣದ ಕೋಶಗಳು ಮೆಲ್ಲಗೆ ಮೇಲೆ ಹತ್ತುತ್ತವೆ. ಒಂದೊಂದು ರೋಮದ ಸುತ್ತ ಒಂದೊಂದು ಕಂದು ಚುಕ್ಕೆ. ಚುಕ್ಕೆ ಅಗಲವಾಗಿ ಪಕ್ಕದ ಚುಕ್ಕೆಯನ್ನು ಮುಟ್ಟಿದರೆ ಮಚ್ಚೆ ಮುಚ್ಚುತ್ತಾ ಬರುತ್ತದೆ. ರೋಮವಿಲ್ಲದ ಜಾಗದಲ್ಲಿ, ಬೆರಳ ತುದಿ, ತುಟಿಯಂಥ ಕಡೆ, ಈ ದಾರಿ ಇಲ್ಲ. ಬರುವುದಾದರೆ ಅಂಚಿನಿಂದ ಬರಬೇಕು, ಅದು ಬಹಳ ಕಷ್ಟ.

ಇಷ್ಟನ್ನು ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಹೇಳ್ತಾ ಹೇಳ್ತಾ, ಅದು ಸರಿ, ಬೆಳಕಿನ ಚಿಕಿತ್ಸೆ ಯಾಕೆ ನಿಲ್ಲಿಸಿದ್ರಿ ಅಂತ ಕೇಳಿದೆ. "ಅಯ್ಯೋ, ನಾಲ್ಕು ತಿಂಗಳು ಮಾಡಿದ್ವಿ. ಬಿಳೀದು ಹೋಗೋದಿರಲಿ, ಮೊಣಕಾಲ ಮೇಲೆ ಸಾಸಿವೆ ಎರಚಿದ ಹಾಗೆ ಕಪ್ಪು ಚುಕ್ಕೆ ಬೇರೆ ಶುರುವಾಯ್ತು. ಇದೇನೋ ಹೊಸದೊಂದು ಅಂತ ಹೆದರಿ ಬಿಟ್ವಿ." ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಆ ಸಾಸಿವೆ ಕಾಳುಗಳೇ ಕಾಂಡಕೋಶದ ಕೆಲಸ. ಅವಳ ಸ್ವಂತ ಕೋಶಗಳು, ತಮ್ಮ ಗೂಡಿನಿಂದ, ತಮ್ಮ ವೇಗದಲ್ಲಿ ಹೊರಟು ಬಂದದ್ದು. ನಾನು ಬರೆದ ಜೋಕರ್ ಎಲೆ ತಟ್ಟನೆ ಬಂದು ಕೂರುತ್ತದೆ, ಇದು ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ತಟ್ಟನೆ ಆಗಬೇಕು ಅಂತ ಕಾಯುವವರಿಗೆ ಚುಕ್ಕೆ ರೋಗದ ಹಾಗೆ ಕಂಡರೆ ತಪ್ಪು ಯಾರದು? ಆಸ್ಪತ್ರೆಯಲ್ಲಿ ಒಬ್ಬರಾದರೂ ಚುಕ್ಕೆ ಬಂದರೆ ಒಳ್ಳೇದಮ್ಮ ಅಂತ ಹೇಳಿರಬಹುದಿತ್ತು. ಆ ಕೌಂಟರಿನ ಸಾಲು ನೋಡಿದವರಿಗೆ ಹೇಳಲು ಪುರುಸೊತ್ತು ಇರಲಿಲ್ಲ ಅಂತಲೂ ಗೊತ್ತು. ನನಗೆ ಪುರುಸೊತ್ತಿತ್ತು.

ಪಾಂಪ್ಲೆಟ್ಟಿಗೆ ಈಗ ಬರುತ್ತೇನೆ. ಮೊದಲು ಸೇಬು. ಸ್ವಿಟ್ಜರ್ಲೆಂಡಿನಲ್ಲಿ ಉಟ್‌ವೈಲರ್ ಸ್ಪೇಟ್‌ಲಾಬರ್ ಅನ್ನುವ ಹಳೆಯ ತಳಿಯ ಸೇಬು ಇದೆ, ಕೊಯ್ದು ಬಹಳ ದಿನ ಇಟ್ಟರೂ ಸುಕ್ಕುವುದಿಲ್ಲ ಅಂತ ಹೆಸರುವಾಸಿ. ಅದರ ಕೋಶಗಳನ್ನು ಬೆಳೆಸಿ, ಅರೆದು, ಸಾರ ತೆಗೆದು ಕ್ರೀಮಿಗೆ ಹಾಕುವ ವ್ಯಾಪಾರ 2008ರ ಹೊತ್ತಿಗೆ ಶುರುವಾಯಿತು. ಸುಕ್ಕದ ಸೇಬು ಹಚ್ಚಿದರೆ ಸುಕ್ಕದ ಮುಖ ಅನ್ನುವ ತರ್ಕಕ್ಕೆ, ವಾಲ್‌ನಟ್ ಮಿದುಳಿನ ಹಾಗಿದೆ, ತಿಂದರೆ ಬುದ್ಧಿ ಬರುತ್ತದೆ ಅನ್ನುವ ತರ್ಕಕ್ಕೆ ಏನು ವ್ಯತ್ಯಾಸ ಅಂತ ನನಗೆ ಗೊತ್ತಾಗಿಲ್ಲ. ಬಾಟಲಿಯಲ್ಲಿರುವುದು ಜೀವಂತ ಕೋಶವಲ್ಲ, ಸಾರ. ಜೀವಂತವಾಗಿದ್ದರೂ ಸೇಬಿನ ಕೋಶ ಮನುಷ್ಯನ ಚರ್ಮವಾಗುವುದಿಲ್ಲ. ಇನ್ನೂ ಒಂದು: 500 ಡಾಲ್ಟನ್‌ಗಿಂತ ದೊಡ್ಡ ಅಣು ಆರೋಗ್ಯವಂತ ಚರ್ಮವನ್ನು ದಾಟುವುದೇ ಕಷ್ಟ ಅಂತ ಔಷಧಶಾಸ್ತ್ರದಲ್ಲಿ ಒಂದು ಅಂದಾಜು ಇದೆ. ಇಡೀ ಕೋಶದ ಮುಂದೆ ಅಂಥ ಅಣು ಬೆಟ್ಟದ ಮುಂದಿನ ಕಡಲೆಬೀಜ.

ಎರಡನೆಯದು, 'ನಿಮ್ಮದೇ ರಕ್ತದ ಕಾಂಡಕೋಶ'. ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ, ಹಳದಿ ದ್ರವ ಬೇರೆ ಮಾಡಿ ಸೂಜಿಯಲ್ಲಿ ಚುಚ್ಚುತ್ತಾರೆ ಅಂತ ವಿವರಣೆ ಇತ್ತು. ಅದು ಪಿಆರ್‌ಪಿ. ಅದರಲ್ಲಿರುವುದು ಪ್ಲೇಟ್‌ಲೆಟ್, ಡೆಂಗಿ ಬಂದಾಗ ಮನೆಮಂದಿಯೆಲ್ಲ ಎಣಿಸುತ್ತಾರಲ್ಲ, ಅದೇ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ಸೇ ಇಲ್ಲ. ಒಂದು ಎರಡಾಗುವ ಶಕ್ತಿಯೇ ಇಲ್ಲದ್ದನ್ನು ಕಾಂಡಕೋಶ ಅಂತ ಕರೆಯಲು ಧೈರ್ಯ ಬೇಕು. ಪಿಆರ್‌ಪಿಯಿಂದ ಕೆಲವು ಕಡೆ ಉಪಯೋಗ ಇರಬಹುದು, ಅದು ಬೇರೆ ಚರ್ಚೆ. ಹೆಸರು ಮಾತ್ರ ಮೋಸ. ನಿಜವಾದ ಕಾಂಡಕೋಶವನ್ನೇ ಕೊಡುತ್ತೇವೆ ಅಂದಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ರೋಗಗಳಿಗೆ ಒಪ್ಪಿತವಾದ ಚಿಕಿತ್ಸೆ ಬಿಟ್ಟರೆ, ಕಾಂಡಕೋಶವನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ಲಿನ ಒಳಗೆ ಮಾತ್ರ. ಸಿಟ್ಟಿಂಗಿಗೆ ಇಷ್ಟು ಅಂತ ಮಾರುವ ಹಾಗಿಲ್ಲ.

ಮೂರನೆಯದು ಎಲ್ಲಕ್ಕಿಂತ ನನ್ನನ್ನು ಚುಚ್ಚಿದ್ದು. ಕಾಂಡಕೋಶ ಅಂದರೆ ಒಳ್ಳೆಯದು, ಹೆಚ್ಚಿದಷ್ಟೂ ಒಳ್ಳೆಯದು ಅನ್ನುವ ಧಾಟಿ. ನನ್ನ ಹಳೆಯ ಬರಹದಲ್ಲೂ ಇದೇ ಧಾಟಿ ಇತ್ತು. ಚರ್ಮದ ಕಾಂಡಕೋಶ ಒಳ್ಳೆಯದನ್ನಷ್ಟೇ ನೆನಪಿಟ್ಟುಕೊಳ್ಳುವುದಿಲ್ಲ. 2017ರಲ್ಲಿ ನ್ಯೂಯಾರ್ಕಿನ ಎಲೇನ್ ಫುಕ್ಸ್ ಪ್ರಯೋಗಾಲಯದಲ್ಲಿ ಶ್ರುತಿ ನಾಯಕ್ ಮತ್ತು ಸಂಗಡಿಗರು ಇಲಿಯ ಚರ್ಮಕ್ಕೆ ಉರಿಯೂತ ಬರಿಸಿ, ಪೂರ್ತಿ ವಾಸಿಯಾಗಲು ಬಿಟ್ಟರು. ತಿಂಗಳುಗಳ ನಂತರ ಅದೇ ಜಾಗದಲ್ಲಿ ಗಾಯ ಮಾಡಿದರೆ ಅದು ಬೇರೆ ಕಡೆಗಿಂತ ಬೇಗ ಮುಚ್ಚಿತು. ಮೊದಲ ಉರಿಯ ಗುರುತು ಕಾಂಡಕೋಶದ ಡಿಎನ್‌ಎ ಮಡಿಕೆಯಲ್ಲಿ ಉಳಿದಿತ್ತು. ಕೇಳಲು ಚೆಂದ, ಆದರೆ ಸೋರಿಯಾಸಿಸ್‌ನಂಥ ಕಾಯಿಲೆ ವಾಸಿಯಾದಂತೆ ಕಂಡು ಮತ್ತೆ ಅಲ್ಲೇ ಬರುವುದಕ್ಕೆ ಇಂಥ ನೆನಪೂ ಒಂದು ಕಾರಣ ಇರಬಹುದು. ಬಹುಕಾಲ ಬಾಳುವ ಕೋಶ ಬಿಸಿಲಿನ ಪೆಟ್ಟನ್ನೂ ಬಹುಕಾಲ ಕೂಡಿಡುತ್ತದೆ. 2015ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಣ್ಣಿನ ರೆಪ್ಪೆಯ, ನೋಡಲು ಏನೂ ಆಗಿರದ ಚರ್ಮ ತೆಗೆದು ಪರೀಕ್ಷಿಸಿದಾಗ ಸುಮಾರು ಕಾಲುಭಾಗ ಕೋಶಗಳಲ್ಲಿ ಕ್ಯಾನ್ಸರಿಗೆ ದಾರಿ ಮಾಡುವ ಬಗೆಯ ಜೀನು ಬದಲಾವಣೆ ಆಗಲೇ ಇತ್ತು. ಅಂಥವನ್ನು ಸುಮ್ಮನೆ ಹೆಚ್ಚಿಸಿಬಿಡಿ ಅಂತ ಕೇಳಿಕೊಳ್ಳುವುದು ಏನನ್ನು ಕೇಳಿಕೊಂಡ ಹಾಗೆ ಅಂತ ಯೋಚಿಸಬೇಕು.

ಪಾಂಪ್ಲೆಟ್ಟಿನ ಆ ನಗುವ ಹುಡುಗಿಯ ಫೋಟೊ ಬಗ್ಗೆ ಏನೂ ಹೇಳುವುದಿಲ್ಲ.

ಇಷ್ಟೆಲ್ಲ ಆದಮೇಲೆ ಅಕ್ಕ, "ಹಾಗಾದ್ರೆ ನೀನು ಬರ್ದಿದ್ದು ಸುಳ್ಳಾ?" ಅಂತ ನೇರ ಕೇಳಿದಳು. ಹೂಂ ಅಂದೆ, ಈ ವಿಷಯಕ್ಕೆ ಅದು ಹೊಂದಲ್ಲ ಅಕ್ಕ, ನಾನು ಯೋಚ್ನೆ ಮಾಡದೆ ಬರ್ದೆ ಅಂದೆ. "ಮತ್ತೆ ಅದನ್ನ ತೆಗಿ" ಅಂದಳು. ತೆಗೆದಿಲ್ಲ. ಆ ಸಾಲಿನ ಕೆಳಗೆ ಇದು ತಪ್ಪು, ಯಾಕೆ ತಪ್ಪು ಅಂತ ಬರೆದು ಸೇರಿಸಿದ್ದೇನೆ. ಪ್ರಿಂಟ್ ತೆಗೆಸಿಟ್ಟುಕೊಂಡವರು ಅಕ್ಕನ ಹಾಗೆ ಇನ್ನೆಷ್ಟು ಜನವೋ, ಅವರ ಬೀರುವಿನಲ್ಲಿರುವ ಹಾಳೆಗೆ ನನ್ನ ಕೈ ಎಟಕುವುದಿಲ್ಲ.

ಆಮೇಲೆ ಫೋನು ಹುಡುಗಿಯ ಕೈಗೆ ಹೋಯಿತು. ಅವಳಿಗೆ ಅಮ್ಮನಿಗಿರುವಷ್ಟು ಗಾಬರಿ ಇಲ್ಲ, ಅಥವಾ ತೋರಿಸಿಕೊಳ್ಳುವುದಿಲ್ಲ. "ಮಾಮ, ಚುಕ್ಕೆ ಹದಿನೇಳಿವೆ, ಈಗ ಎಣಿಸ್ದೆ. ಎಲ್ಲದರ ಮಧ್ಯನೂ ಕೂದಲಿದೆ" ಅಂದಳು. ನಾಳೆಯೇ ತುಮಕೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಮೂರು ವಾರ ಬಿಟ್ಟಿದ್ದನ್ನ ಹೇಳು, ಅವರು ಹೇಳಿದ ಹಾಗೆ ಮತ್ತೆ ಶುರು ಮಾಡು ಅಂದೆ.

"ತುಟೀದು?"

ಅದಕ್ಕೂ ಇದ್ದದ್ದನ್ನೇ ಹೇಳಿದೆ. ತುಟಿಯಲ್ಲಿ ಕೂದಲಿಲ್ಲ, ಬೆಳಕಿಗೆ ಅದು ಸುಲಭವಾಗಿ ಬಗ್ಗಲ್ಲ. ಹೊಸ ಮಚ್ಚೆ ಬರದೆ, ಇರುವುದು ದೊಡ್ಡದಾಗದೆ ಒಂದು ವರ್ಷವಾದರೂ ನಿಂತರೆ, ತೊಡೆಯಿಂದ ತೆಳು ಚರ್ಮ ತೆಗೆದು ಅದರ ಬಣ್ಣದ ಕೋಶಗಳನ್ನು ಅಲ್ಲಿ ಕೂರಿಸುವ ಆಪರೇಷನ್ ಇದೆ, ನಮ್ಮ ದೇಶದಲ್ಲೇ ಎಷ್ಟೋ ಕಡೆ ಮಾಡ್ತಾರೆ, ಎಲ್ಲರಿಗೂ ಹಿಡಿಯುತ್ತೆ ಅಂತಿಲ್ಲ ಅಂದೆ.

"ಒಂದು ವರ್ಷ ಅಂದ್ರೆ ಫೈನಲ್ ಇಯರ್ ಮುಗಿಯೋ ಹೊತ್ತಿಗೆ" ಅಂತ ಲೆಕ್ಕ ಹಾಕಿದಳು. ಆಮೇಲೆ, ಚುಕ್ಕೆಗಳದ್ದು ತಿಂಗಳಿಗೊಂದು ಫೋಟೊ ಕಳಿಸ್ತೀನಿ, ಬೇಕಾದ್ರೆ ಬರಕೋ, ನನ್ನ ಹೆಸರು ಹಾಕಬೇಡ ಅಂದಳು. ಮೊನ್ನೆ ಮೊದಲನೆಯದು ಬಂತು. ಇಪ್ಪತ್ತೆರಡು.